ಆಟ ಬಿಡಿಸಿದ್ದು ಐದು ಗಂಟೆ ಬಸ್ಸು

ಸಂಪಾದಕರೇ,

2025ರ ನವೆಂಬರ್ 2ರಂದು ನಮ್ಮ ಹುಡುಗಿಯರು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಎತ್ತಿದರಲ್ಲ, ಆ ರಾತ್ರಿ ನಮ್ಮೂರಲ್ಲೂ ಪಟಾಕಿ ಹೊಡೆದರು. ಹೊಡೆದವರೆಲ್ಲ ಹುಡುಗರೇ. ನನ್ನ ಮಗಳು ಜಗಲಿ ಮೇಲೆ ನಿಂತು ನೋಡುತ್ತಿದ್ದಳು.

ಅವಳು ಎಂಟನೇ ಕ್ಲಾಸಿನವರೆಗೆ ಖೊಖೊ ಆಡುತ್ತಿದ್ದಳು. ಕಂಬ ಹಿಡಿದು ಗಿರ್ರನೆ ತಿರುಗಿ ಹಾರಿದರೆ ಎದುರಿನವಳು ಔಟ್. ಮೊಣಕಾಲಿಗೆಲ್ಲ ಕೆಮ್ಮಣ್ಣು, ಎರಡು ಸಲ ತಿಕ್ಕಿದರೂ ಯೂನಿಫಾರ್ಮಿನ ಕಲೆ ಹೋಗುತ್ತಿರಲಿಲ್ಲ, ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಹೋಬಳಿ ಮಟ್ಟದಲ್ಲಿ ಗೆದ್ದು ತಾಲ್ಲೂಕಿಗೆ ಆಯ್ಕೆಯಾದಳು. ಆದರೆ ಪ್ರಾಕ್ಟೀಸ್ ಶಾಲೆ ಬಿಟ್ಟ ಮೇಲೆ, ನಮ್ಮ ಕಡೆಯ ಕೊನೇ ಬಸ್ಸು ಐದಕ್ಕೆ. ಅದು ತಪ್ಪಿದರೆ ಮಳೆಯಲ್ಲಿ ಕಾಡು ದಾರಿ ನಡೆಯಬೇಕು. ಹುಡುಗರು ಯಾರದೋ ಬೈಕ್ ಹತ್ತಿ ಬಂದುಬಿಡುತ್ತಾರೆ. ಇವಳು ಹಾಗೆ ಬಂದರೆ ಊರು ಸುಮ್ನೆ ಇರುತ್ತಾ?

ಪೂರ್ತಿ ತಪ್ಪು ಬಸ್ಸಿನದ್ದೇ ಅಲ್ಲ ಬಿಡಿ. ಮುಟ್ಟು ಶುರುವಾದ ಮೇಲೆ 'ಕುಣಿದದ್ದು ಸಾಕು' ಅಂದವಳು ನಾನೇ.

ಮಲೆನಾಡಿನ ಹೆಣ್ಮಕ್ಕಳಿಗೆ ಬೇರೆ ವ್ಯಾಯಾಮ ಯಾಕೆ, ಗುಡ್ಡ ಹತ್ತಿಳಿಯುವುದೇ ಸಾಕಲ್ವಾ ಅನ್ನುವವರಿದ್ದಾರೆ. ಈಗ ಯಾರು ಹತ್ತುತ್ತಾರೆ ಸ್ವಾಮಿ? ಮನೆಯಿಂದ ಬಸ್‌ಸ್ಟಾಪಿಗೂ ಸ್ಕೂಟಿ. ಇನ್ನು ಕೊಟ್ಟಿಗೆ ಗುಡಿಸುವುದನ್ನು ಆಟದ ಲೆಕ್ಕಕ್ಕೆ ಹಾಕಬೇಡಿ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದೇ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದಂತೆ, ಜಗತ್ತಿನ 11ರಿಂದ 17 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 85 ಮಂದಿಗೆ ಅಷ್ಟು ಸಿಗುತ್ತಿಲ್ಲ. ಹುಡುಗರಲ್ಲಿ 78. ಅವರದೂ ಹೇಳಿಕೊಳ್ಳುವಂಥದ್ದಲ್ಲ, ಆದರೆ ಇವರದು ಇನ್ನೂ ಕಡೆ.

ನಾನು ಕೇಳುವುದು ಸ್ಟೇಡಿಯಂ ಅಲ್ಲ. ನಮ್ಮ ಬೆಳಗಿನ ಬಸ್ಸು ಎಂಟೂವರೆಗೇ ಶಾಲೆ ಮುಟ್ಟಿಸುತ್ತದೆ. ಪ್ರಾರ್ಥನೆ ಗಂಟೆ ಹೊಡೆಯುವವರೆಗೆ ಮಕ್ಕಳು ಮೆಟ್ಟಿಲ ಮೇಲೆ ಕೂತು ಆಕಳಿಸುತ್ತಾರೆ. ಆ ಒಂದು ಗಂಟೆಯಲ್ಲಿ ಪ್ರಾಕ್ಟೀಸ್ ಇಡಿ. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಡಬೇಡಿ. ಆಟದ ದಿನ ಟ್ರ್ಯಾಕ್ ಪ್ಯಾಂಟ್ ಹಾಕಲು ಬಿಡಿ. ಶೌಚಾಲಯದಲ್ಲಿ ನೀರು, ಒಂದು ಪ್ಯಾಡ್ ಡಬ್ಬ ಇರಲಿ. ಜುಲೈನಲ್ಲಿ ಮೈದಾನ ಗದ್ದೆಯಾದರೆ ಜಗಲಿಯಲ್ಲೇ ಹಗ್ಗ ಜಿಗಿಸಿ.

ಪಕ್ಕದ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಕ್ಕೆ 70 ರನ್ ಹೊಡೆದಾಗ ನಾವೆಲ್ಲ ನಮ್ಮವಳು ಅಂದೆವು. ಎಲ್ಲರೂ ವೇದಾ ಆಗಬೇಕಿಲ್ಲ. ಸಂಜೆ ಚೆನ್ನಾಗಿ ಹಸಿವಾಗಿ, ರಾತ್ರಿ ಮೊಬೈಲ್ ಹಿಡಿಯದೆ ನಿದ್ದೆ ಬಂದರೂ ನನಗೆ ಸಾಕು.

ಮೊನ್ನೆ ಪೋಷಕರ ಸಭೆಯಲ್ಲಿ ಇದನ್ನೇ ಕೇಳಿದೆ. 'ನೋಡೋಣ' ಅಂದಿದ್ದಾರೆ. ಬೇರೆ ಊರಿನ ಅಮ್ಮಂದಿರೂ ನಿಮ್ಮ ಶಾಲೆಯಲ್ಲಿ ಕೇಳಿ, ಆಗಸ್ಟ್ ಬಂದರೆ ಮತ್ತೆ ಹೋಬಳಿ ಆಟ ಶುರು.

– ಒಬ್ಬ ತಾಯಿ, ಹೊಸನಗರ ತಾಲ್ಲೂಕು