ಕೊನೆಯ ಕಂತು ಕಟ್ಟಿ ಬಂದೆ

ಮೊನ್ನೆ ಗುರುವಾರ ಜೆರಾಕ್ಸ್ ಮೆಷಿನ್ನಿನ ಸಾಲದ ಕೊನೆಯ ಕಂತು ಕಟ್ಟಿ ಬಂದೆ. 2019ರ ಜೂನ್‌ನಲ್ಲಿ ತೆಗೆದ ಐದು ವರ್ಷದ ಸಾಲ. ತೀರುವಾಗ ಆರು ವರ್ಷ ದಾಟಿತ್ತು. ಅರ್ಧ ದಾರಿಗೆ ಬಂದಾಗ ಮಳೆ ಹಿಡಿಯಿತು. ಕೊಡೆ ಬ್ಯಾಂಕಿನಲ್ಲೇ ಬಿಟ್ಟಿದ್ದೆ. ವಾಪಸ್ ಹೋಗಲಿಲ್ಲ, ನೆನೆದುಕೊಂಡೇ ಅಂಗಡಿಗೆ ಬಂದೆ. ಅವತ್ತು ಇನ್ನೊಂದು ಸಲ ಆ ಮೆಟ್ಟಿಲು ಹತ್ತುವ ಮನಸ್ಸಿರಲಿಲ್ಲ.

ಥ್ಯಾಂಕ್ಸ್ ಹೇಳಬೇಕಾದವರು ಸುಮಾರು ಜನ ಇದ್ದಾರೆ. ಎದುರಿಗೆ ಹೇಳಿದರೆ ಉಜಿರೆಯವರು "ಅದೆಲ್ಲ ಎಂತಕ್ಕೆ ಮಾರಾಯ್ರೆ" ಅಂತ ಮಾತು ತಿರುಗಿಸುತ್ತಾರೆ. ಹಾಗಾಗಿ ಬರೆದೇ ಬಿಡುತ್ತೇನೆ.

ನಾನು ಇಳಕಲ್ ಕಡೆಯವನು. 2011ರಲ್ಲಿ ಉಜಿರೆಯ ರುಡ್‌ಸೆಟ್‌ನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ ಕೆಲಸ, ಕಲಿಯಲು ಬಂದೆ. ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ಆ ಸಂಸ್ಥೆ 1982ರಲ್ಲಿ ಇದೇ ಊರಿನಲ್ಲಿ ಶುರುವಾದದ್ದು. ಊಟ, ವಸತಿ, ಪಾಠ ಎಲ್ಲ ಉಚಿತ. ಆಮೇಲೆ ಅದನ್ನೇ ನೋಡಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಅಂಥ ಕೇಂದ್ರ ಮಾಡಿದರು. ಕಲಿತು ಊರಿಗೆ ಹೋಗುವುದು ಅಂದುಕೊಂಡಿದ್ದೆ. ಹೋಗಲಿಲ್ಲ. ಮರುವರ್ಷ ಕಾಲೇಜು ರಸ್ತೆಯಲ್ಲಿ ಹತ್ತು ಅಡಿ ಅಗಲದ ಅಂಗಡಿ ಹಾಕಿದೆ. ಇಲ್ಲಿಯವರಿಗೆ ನಾನು ಇವತ್ತಿಗೂ "ಘಟ್ಟದವ". ಪ್ರೀತಿಯಿಂದಲೇ ಹೇಳುತ್ತಾರೆ ಬಿಡಿ.

ಉಜಿರೆಯಂಥ ಊರಿನಲ್ಲಿ ಅಂಗಡಿ ಇಟ್ಟವನಿಗೆ ಯುಗಾದಿಯ ಪಂಚಾಂಗ ಬೇರೆ, ಕಾಲೇಜಿನ ಪಂಚಾಂಗ ಬೇರೆ. ಎಸ್‌ಡಿಎಂ ಕಾಲೇಜು ಶುರುವಾದದ್ದು 1966ರಲ್ಲಿ. ಈಗ ಇಂಜಿನಿಯರಿಂಗ್, ಪ್ರಕೃತಿ ಚಿಕಿತ್ಸೆ ಅಂತ ಸುತ್ತ ಬೇರೆ ಬೇರೆ ಕಾಲೇಜುಗಳಿವೆ. ಅಡ್ಮಿಷನ್ ಹೊತ್ತಿಗೆ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ. ಇಂಟರ್ನಲ್ಸ್ ಹಿಂದಿನ ರಾತ್ರಿ ಒಬ್ಬಳ ನೋಟ್ಸು ನಲವತ್ತು ಜನಕ್ಕೆ. ಸೆಮಿಸ್ಟರ್ ಮುಗಿಯುವಾಗ ಪ್ರಾಜೆಕ್ಟ್, ಸ್ಪೈರಲ್ ಬೈಂಡಿಂಗ್. ಪರೀಕ್ಷೆ ಮುಗಿದ ಮರುದಿನ ರಸ್ತೆಯಲ್ಲಿ ನಾಯಿ ಮಲಗಿರುತ್ತದೆ. ಹುಡುಗರು ಇದ್ದರೆ ದುಡ್ಡು, ಇಲ್ಲದಿದ್ದರೆ ಇಲ್ಲ.

ಮಳೆಗಾಲದ್ದು ಬೇರೆಯೇ ಪಾಠ. ನಮ್ಮ ಕಡೆ ಕಾಗದ ಅಂದರೆ ಒಣಗಿದ ಎಲೆಯ ಹಾಗೆ ಸರ್ ಅನ್ನುತ್ತದೆ. ಇಲ್ಲಿ ಜೂನ್ ಬಂದರೆ ತಂಗಳು ಹಪ್ಪಳ. ಮೊದಲ ವರ್ಷ ಹತ್ತು ಕಾಪಿಗೆ ಮೂರು ಸಲ ಪೇಪರ್ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮೆಷಿನ್ ಕೆಟ್ಟಿದೆ ಅಂತ ಮಂಗಳೂರಿನಿಂದ ಮೆಕ್ಯಾನಿಕ್‌ನನ್ನು ಕರೆಸಿದೆ. ಅವನು ಬಂದು, ನಕ್ಕು, ಚಾರ್ಜು ತೆಗೆದುಕೊಂಡು ಹೋದ. ಕೊನೆಗೆ ಉಪಾಯ ಹೇಳಿದವರು ಪಕ್ಕದ ಟೈಲರ್. ಪೇಪರಿನ ಕಪಾಟಿನೊಳಗೆ ಅರವತ್ತು ವಾಟಿನ ಹಳೇ ಬಲ್ಬು ಉರಿಸಿಡಲು ಹೇಳಿದರು. ಅಂಥ ಬಲ್ಬು ಈಗ ಸಿಗುವುದೇ ಕಷ್ಟ. ಅವರೇ ಎಲ್ಲಿಂದಲೋ ಹುಡುಕಿ ವರ್ಷಕ್ಕೆರಡು ತಂದು ಕೊಡುತ್ತಾರೆ.

ಹೊಸ ಮೆಷಿನ್ ಬಂದ ಎರಡೇ ತಿಂಗಳಿಗೆ, 2019ರ ಆಗಸ್ಟ್‌ನಲ್ಲಿ, ಚಾರ್ಮಾಡಿ ಘಾಟಿ ಕುಸಿಯಿತು. ಮೂಡಿಗೆರೆ ಕಡೆಯ ಹುಡುಗರು ಸುತ್ತು ಹಾಕಿ ಬರಬೇಕಾಯಿತು. ಅದನ್ನೇ ದೊಡ್ಡ ಕಷ್ಟ ಅಂದುಕೊಂಡಿದ್ದೆ! 2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿತು. ಒಂದು ವಾರ ಅಂದರು. ಹಾಸ್ಟೆಲ್ ಹುಡುಗಿಯರು ಬ್ಯಾಗು ಎಳೆದುಕೊಂಡು ಬಸ್ಸಿಗೆ ಓಡಿದರು, ಒಬ್ಬಳು ಬೈಂಡಿಂಗಿಗೆ ಕೊಟ್ಟ ರೆಕಾರ್ಡನ್ನೂ ಬಿಟ್ಟು ಹೋದಳು. ಡಿಗ್ರಿ ಕಾಲೇಜು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ. ಎಂಟು ತಿಂಗಳು. ಬ್ಯಾಂಕು ಆಗಸ್ಟ್‌ವರೆಗೆ ಕಂತು ಮುಂದಕ್ಕೆ ಹಾಕಿತು, ಬಡ್ಡಿ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿತ್ತು.

ನಮ್ಮ ಕಟ್ಟಡದ ಧನಿಗಳು ಬಾಡಿಗೆ ಬೇಡ ಅಂತ ಒಂದು ದಿನವೂ ಹೇಳಲಿಲ್ಲ. ಕೇಳಲೂ ಇಲ್ಲ. ನಾನೇ ಜೂನ್‌ನಲ್ಲಿ ಅರ್ಧ ದುಡ್ಡು ಹೊಂದಿಸಿಕೊಂಡು ಹೋದರೆ, ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ವಿಚಾರ ಮಾತಾಡಿ, ಒಂದು ಹಲಸಿನ ಹಣ್ಣು ಕೈಗೆ ಕೊಟ್ಟು, "ಮಳೆ ಬಿಡಲಿ, ಮತ್ತೆ ನೋಡುವ" ಅಂದರು. ಮಳೆ ಬಿಟ್ಟ ಮೇಲೂ ನೋಡಲಿಲ್ಲ. ಡಿಸೆಂಬರ್‌ನಿಂದ ಮೊದಲಿನ ಬಾಡಿಗೆಯನ್ನೇ ತೆಗೆದುಕೊಂಡರು. ನಡುವಿನ ತಿಂಗಳುಗಳ ಮಾತು ಇವತ್ತಿನವರೆಗೆ ಎತ್ತಿಲ್ಲ. ಅಣ್ಣಾ, ನನಗೆ ಅದರ ಲೆಕ್ಕ ಇದೆ. ನೀವು ತೆಗೆದುಕೊಳ್ಳುವುದಿಲ್ಲ ಅಂತಲೂ ಗೊತ್ತು.

ಎದುರಿನ ಹೋಟೆಲಿನ ಅಕ್ಕನ ಬಾಗಿಲೂ ಮುಚ್ಚಿತ್ತು. ಆದರೂ ಮಧ್ಯಾಹ್ನ ಆದರೆ ಹಿತ್ತಲಿನಿಂದ "ಒಣಸ್ ಆಂಡಾ?" ಅಂತ ಕೂಗು. ಊಟ ಆಯ್ತು ಅಂದರೆ ನಂಬುತ್ತಿರಲಿಲ್ಲ. ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ, ಒಂದಿಷ್ಟು ಬಸಳೆ ಸಾರು. ಒಂದು ದಿನ ಎಲ್ಲಿಂದಲೋ ಜೋಳದ ಹಿಟ್ಟು ತರಿಸಿ ರೊಟ್ಟಿ ಮಾಡಿದರು. ನೀರು ದೋಸೆ ಮಾಡುವ ಕೈ, ಹಿಟ್ಟನ್ನು ತಣ್ಣೀರಲ್ಲಿ ಕಲಸಿದ್ದರು. ರೊಟ್ಟಿ ಚೂರು ಚೂರಾಗಿತ್ತು. ಹಾಗೇ ಬಟ್ಟಲಲ್ಲಿ ಹಾಕಿಕೊಂಡು ಮೊಸರಿನ ಜೊತೆ ತಿಂದೆ. ಅವತ್ತು ಅವ್ವನಿಗೆ ಫೋನ್ ಮಾಡಿದಾಗ ಜಾಸ್ತಿ ಮಾತಾಡಲಾಗಲಿಲ್ಲ.

ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಮಾಸ್ಕ್ ಹಾಕಿಕೊಂಡು ತಮ್ಮ ಬರಹಗಳ ಕಟ್ಟು ಹೊತ್ತು ತಂದರು. ಟೈಪ್ ಮಾಡಿ ಕೊಡಬೇಕಂತೆ. ಅವಸರ ಏನೂ ಇರಲಿಲ್ಲ, ನನಗೆ ಕೆಲಸ ಕೊಡಲಿಕ್ಕೆಂದೇ ತಂದದ್ದು ಅಂತ ಎರಡನೇ ದಿನವೇ ಗೊತ್ತಾಯಿತು. ಪುಟಕ್ಕೆ ಹದಿನೈದು ಅಂದೆ. ಇಪ್ಪತ್ತಕ್ಕಿಂತ ಕೆಳಗೆ ಇಳಿಯದೆ ಚೌಕಾಸಿ ಮಾಡಿದರು, ಉಲ್ಟಾ! ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಇನ್ನೂರೆಂಬತ್ತು ಪುಟ ಕುಟ್ಟಿದೆ. ನನ್ನ ಅಕಾರ ಹಕಾರ ತಿದ್ದಿದ್ದೂ ಆಗಲೇ. ಸಾರ್, ಈ ಬರಹದಲ್ಲಿ ತಪ್ಪಿದ್ದರೆ ನಿಮ್ಮ ಹೊಣೆ.

ಇನ್ನು ಬಾಕಿ ಪುಸ್ತಕದ ವಿಷಯ. ಚಿಲ್ಲರೆ ಇಲ್ಲದ ಹುಡುಗರ ಬಾಕಿ ಬರೆದಿಡುತ್ತಿದ್ದೆ. ಹೆಸರು ಗೊತ್ತಿರುತ್ತಿರಲಿಲ್ಲ. "ಕೆಂಪು ಬ್ಯಾಗ್, 18", "ಬಿಕಾಂ ಉದ್ದ ಹುಡುಗ, 22", ಹೀಗೆ. 2020ರ ಮೇ ತಿಂಗಳಲ್ಲಿ ಹಳೇ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಫೋನ್ ಮಾಡಿ ತನ್ನ ಹಳೇ ಬಾಕಿ ಎಷ್ಟು ಅಂತ ಕೇಳಿದ. ನೋಡಿದರೆ ಮೂವತ್ತಾರು ರೂಪಾಯಿ. ಐನೂರು ಹಾಕಿದ. ನಾನು ನಾನೂರ ಅರವತ್ತನಾಲ್ಕು ವಾಪಸ್ ಹಾಕಿದೆ. ಅವನಿಗೆ ಸಿಟ್ಟು ಬಂತು. ಮರುದಿನದಿಂದ ಬೇರೆ ಬೇರೆ ನಂಬರಿನಿಂದ ಐವತ್ತು, ನೂರು, ಇನ್ನೂರು ಬರತೊಡಗಿತು. ಎಲ್ಲರದ್ದೂ ಒಂದೇ ಮಾತು: "ಅಣ್ಣ, ಬಾಕಿ ಇತ್ತು." ಪುಸ್ತಕದಲ್ಲಿ ಅಷ್ಟು ಬಾಕಿ ಇರಲೇ ಇಲ್ಲ. ಎರಡು ತಿಂಗಳ ಅಕ್ಕಿ, ಕರೆಂಟ್ ಬಿಲ್ಲು ಅದರಲ್ಲೇ ಹೋಯಿತು. ಯಾರು ಯಾರು ಅಂತ ಈಗಲೂ ಸರಿಯಾಗಿ ಗೊತ್ತಿಲ್ಲ.

ನಿಜವಾಗಿ ದೊಡ್ಡ ಬಿಲ್ಲು ಬರಬೇಕಾದ ಒಂದು ಕಡೆಯಿಂದ ಮಾತ್ರ ಇನ್ನೂ ಬಂದಿಲ್ಲ. ಹೆಸರು ಬೇಡ.

ಈಗ ನೋಟ್ಸೆಲ್ಲ ಮೊಬೈಲಿನಲ್ಲೇ ಓಡಾಡುತ್ತದೆ. ಜೆರಾಕ್ಸ್ ಮೊದಲಿನಷ್ಟಿಲ್ಲ. ಪ್ರಾಜೆಕ್ಟ್, ಕಲರ್ ಪ್ರಿಂಟ್, ಆನ್‌ಲೈನ್ ಅರ್ಜಿಯಲ್ಲಿ ನಡೆಯುತ್ತಿದೆ. ರೆಕಾರ್ಡ್ ಬಿಟ್ಟು ಹೋದ ಹುಡುಗಿ ನವೆಂಬರ್‌ನಲ್ಲಿ ಬಂದು ತೆಗೆದುಕೊಂಡು ಹೋದಳು. ಬಿಕಾಂ ಉದ್ದ ಹುಡುಗ ಇನ್ನೂ ಬಂದಿಲ್ಲ.

ಬರುವ ಶನಿವಾರ ಸಂಜೆ ಅಂಗಡಿಯಲ್ಲಿ ಅಕ್ಕನ ಗೋಳಿಬಜೆ, ಚಾ ಇದೆ. ಹತ್ತಿರ ಇದ್ದವರು ಬನ್ನಿ. ಒಳಗೆ ನಾಲ್ಕು ಜನಕ್ಕಷ್ಟೇ ಜಾಗ, ಕೊಡೆ ತನ್ನಿ. ನನ್ನದು ಬ್ಯಾಂಕಿನಲ್ಲೇ ಇದೆ.