ವಾರ್ಡಿನ ಜಗಳಕ್ಕೆ ಮೆಮೊ ಮದ್ದಲ್ಲ

ಮಾನ್ಯ ಸಂಪಾದಕರೇ,

ಡಾಕ್ಟರ್, ನರ್ಸ್‌ಗಳ ಮೇಲೆ ಹೊರಗಿನವರು ಕೈ ಮಾಡಿದರೆ ಸುದ್ದಿಯಾಗುತ್ತದೆ. ಅದಕ್ಕೆ ನಮ್ಮ ರಾಜ್ಯದಲ್ಲಿ 2009ರ ಕಾನೂನೂ ಇದೆ. ಆದರೆ ಆಸ್ಪತ್ರೆಯೊಳಗೆ ನಮ್ಮನಮ್ಮಲ್ಲೇ ನಡೆಯುವ ಜಗಳದ ಬಗ್ಗೆ ಯಾರೂ ಮಾತಾಡುವುದಿಲ್ಲ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ವಾರ್ಡ್ ಇನ್‌ಚಾರ್ಜ್, ಅಂದರೆ ವಾರ್ಡಿನ ನರ್ಸ್‌ಗಳ ಮೇಲ್ವಿಚಾರಕಿ ಆಗಿದ್ದು ನಿವೃತ್ತಳಾದವಳು ನಾನು. ಅದಕ್ಕೇ ಈ ಪತ್ರ.

ನಮ್ಮ ವಾರ್ಡಿನಲ್ಲಿ ಇಬ್ಬರು ನರ್ಸ್ ಹುಡುಗಿಯರು ಪರಸ್ಪರ ಮಾತು ಬಿಟ್ಟಿದ್ದರು. ಒಬ್ಬಳು ನೈಟ್ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಹ್ಯಾಂಡ್‌ಓವರ್ ಕೊಡಲು, ಅಂದರೆ ರೋಗಿಗಳ ಸ್ಥಿತಿ ಹೇಳಿ ಕೆಲಸ ಒಪ್ಪಿಸಲು ಕಾಯುತ್ತಿದ್ದಳು. ಇನ್ನೊಬ್ಬಳು ಬರುತ್ತಿದ್ದುದು ಎಂಟೂವರೆಗೆ. ಮಾತು ಬಿಟ್ಟ ಮೇಲೆ ಹ್ಯಾಂಡ್‌ಓವರ್ ಹೇಗಿರುತ್ತದೆ ಹೇಳಿ? ಫೈಲ್ ಮೇಜಿನ ಮೇಲಿಟ್ಟು ಹೊರಟುಬಿಡುವುದು. ಹನ್ನೆರಡನೇ ಬೆಡ್ಡಿನವರಿಗೆ ರಾತ್ರಿ ಶುಗರ್ ಇಳಿದಿತ್ತು ಅನ್ನೋದು ಫೈಲಿನಲ್ಲಿರುತ್ತದೆ, ಬಾಯಲ್ಲಿ ಬರುವುದಿಲ್ಲ. ಇಬ್ಬರಿಗೂ ಮೆಮೊ, ಅಂದರೆ ಲಿಖಿತ ಎಚ್ಚರಿಕೆ ಕೊಡಿ ಎಂದರು ಆಡಳಿತದವರು. ನಾನು ಇಬ್ಬರನ್ನೂ ಡ್ರೆಸ್ಸಿಂಗ್ ರೂಮಿಗೆ ಕರೆದು ಬಾಗಿಲು ಹಾಕಿದೆ. ಒಬ್ಬಳು ಹೇಳಿ ಮುಗಿಸುವವರೆಗೆ ಇನ್ನೊಬ್ಬಳು ಬಾಯಿ ಹಾಕುವಂತಿಲ್ಲ, ಅಷ್ಟೇ ಷರತ್ತು. ತಡವಾಗುವವಳು ನೆಲಮಂಗಲದ ಕಡೆಯವಳು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಸ್ಸು ಹಿಡಿದರೆ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತಿದ್ದಳು. ಕಾಯುವವಳಿಗೆ ಒಂಬತ್ತು ದಾಟಿದರೆ ಪಿಜಿಯಲ್ಲಿ ತಿಂಡಿ ಖಾಲಿ. ರಾತ್ರಿಯಿಡೀ ನಿಂತವಳಿಗೆ ಅದೇನು ಸಣ್ಣ ವಿಷಯವೇ? ಇಬ್ಬರಿಗೂ ಇನ್ನೊಬ್ಬಳ ಕಷ್ಟ ಗೊತ್ತೇ ಇರಲಿಲ್ಲ. ಡ್ಯೂಟಿ ಪಟ್ಟಿ ಬದಲಿಸಿ ತಡವಾಗುವವಳಿಗೆ ಮಧ್ಯಾಹ್ನದ ಶಿಫ್ಟ್ ಜಾಸ್ತಿ ಹಾಕಿದೆ. ಮೆಮೊ ಬೇಕಾಗಲಿಲ್ಲ.

ಡಾಕ್ಟರ್ ಮತ್ತು ನರ್ಸ್ ನಡುವಿನ ಜಗಳ ಇಷ್ಟು ಸುಲಭ ಅಲ್ಲ. ಅಲ್ಲಿ ಇಬ್ಬರೂ ಸಮ ಅಲ್ವಲ್ಲ! ರಾತ್ರಿ ಡ್ಯೂಟಿ ಡಾಕ್ಟರ್ ಹೊಸ ಇಂಜೆಕ್ಷನ್ ಬರೆದು, ಯಾರಿಗೂ ಹೇಳದೆ ಫೈಲ್ ಮುಚ್ಚಿ ಹೋಗಿರುತ್ತಾರೆ. ಬೆಳಗಿನ ರೌಂಡ್ಸ್‌ನಲ್ಲಿ ದೊಡ್ಡ ಡಾಕ್ಟರ್ ಆ ಇಂಜೆಕ್ಷನ್ ಯಾಕೆ ಕೊಟ್ಟಿಲ್ಲ ಎಂದು ರೋಗಿಯ ಕಡೆಯವರ ಎದುರೇ ನರ್ಸ್‌ಗೆ ಬೈಯುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಮೇಲೆ ಆ ನರ್ಸ್‌ನ್ನೇ ಬೇರೆ ವಾರ್ಡಿಗೆ ಹಾಕಿ 'ಸಮಸ್ಯೆ ಮುಗಿಯಿತು' ಅನ್ನುತ್ತಾರೆ. ಮುಗಿಯುವುದಿಲ್ಲ. ಹಾಗೆ ಬೈಸಿಕೊಂಡವಳು ಮುಂದಿನ ಸಲ ರಾತ್ರಿ ಎರಡಕ್ಕೆ ರೋಗಿಯ ಬಿಪಿ ಇಳಿದರೆ ಆ ಡಾಕ್ಟರಿಗೆ ಫೋನ್ ಮಾಡಲು ಹಿಂಜರಿಯುತ್ತಾಳೆ. ಅದಕ್ಕೆ ಬೆಲೆ ತೆರುವವರು ಯಾರು?

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಆಪರೇಷನ್ ಸುರಕ್ಷತಾ ಪಟ್ಟಿಯಲ್ಲಿ ಒಂದು ಸಾಲಿದೆ: ಕತ್ತರಿ ಹಾಕುವ ಮೊದಲು ಓಟಿಯಲ್ಲಿರುವ (ಆಪರೇಷನ್ ಥಿಯೇಟರ್) ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಇದನ್ನು ಪರೀಕ್ಷಿಸಿದರು. ಸಾವು ಶೇ 1.5ರಿಂದ 0.8ಕ್ಕೆ ಇಳಿಯಿತು. ಹೆಸರು ಹೇಳಿದ್ದರಿಂದಲೇ ಇಳಿಯಿತು ಅಂತಲ್ಲ, ಆ ಪಟ್ಟಿಯಲ್ಲಿ ಬೇರೆಯೂ ಬಹಳ ಇದೆ. ಆದರೆ ಒಮ್ಮೆ ಬಾಯಿ ಬಿಟ್ಟವರಿಗೆ 'ಸರ್, ಒಂದು ನಿಮಿಷ, ಇದು ಎಡಗಾಲಲ್ವಾ?' ಎಂದು ಕೇಳುವ ಧೈರ್ಯ ಬರುತ್ತದೆ. ಓಟಿಯಲ್ಲಿ ನಿಂತವರಿಗೆ ಇದು ಗೊತ್ತು.

ಎಲ್ಲವನ್ನೂ ಕಾಫಿ ಕುಡಿಸಿ ರಾಜಿ ಮಾಡಿಸಬೇಕು ಎಂದು ನಾನು ಹೇಳುತ್ತಿಲ್ಲ. ಲೈಂಗಿಕ ಕಿರುಕುಳದ ದೂರು ಬಂದರೆ ಅದು 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿಗೇ ಹೋಗಬೇಕು. ಇನ್ನು ಕೆಲವು ಜಗಳಗಳ ಮೂಲ ಜನರ ಕೊರತೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಜನರಲ್ ವಾರ್ಡಿಗೆ ಬೋಧಕ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ, ಉಳಿದ ಕಡೆ ಐವರಿಗೆ ಒಬ್ಬ ನರ್ಸ್ ಬೇಕು. ತುಂಬಿದ ವಾರ್ಡಿಗೆ ರಾತ್ರಿ ಇಬ್ಬರನ್ನು ಹಾಕಿ, ಅವರು ಕಿತ್ತಾಡಿದರೆ ಇನ್‌ಚಾರ್ಜ್‌ಳನ್ನು ಸುಮ್ನೆ ದೂರಬೇಡಿ.

ಇನ್‌ಚಾರ್ಜ್ ಮಾಡುವಾಗ ಯಾರ ಕೈ ಚೆನ್ನಾಗಿದೆ, ಯಾರ ಸರ್ವಿಸ್ ಜಾಸ್ತಿ ಎಂದಷ್ಟೇ ನೋಡುತ್ತಾರೆ. ಇಬ್ಬರನ್ನು ಕೂರಿಸಿ ಮಾತಾಡಿಸುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲ. ಆಸ್ಪತ್ರೆಗಳು ಅದಕ್ಕೂ ತರಬೇತಿ ಕೊಡಲಿ. ಜೊತೆಗೆ, ರೌಂಡ್ಸ್‌ನಲ್ಲಿ ಕೂಗಾಡುವ ಡಾಕ್ಟರಿಗೆ 'ಸರ್, ರೂಮಿಗೆ ಹೋಗಿ ಮಾತಾಡೋಣ' ಎಂದು ಹೇಳುವ ಅಧಿಕಾರವನ್ನು ಇನ್‌ಚಾರ್ಜ್‌ಗೆ ಬರಹದಲ್ಲಿ ಕೊಡಲಿ. ಆ ಡಾಕ್ಟರಿಗೆ ಎಷ್ಟೇ ರೋಗಿಗಳು ಬರುತ್ತಿರಲಿ, ಮೆಡಿಕಲ್ ಸೂಪರಿಂಟೆಂಡೆಂಟ್ ಅವಳ ಪರ ನಿಲ್ಲಲಿ.

— ನಿವೃತ್ತ ವಾರ್ಡ್ ಇನ್‌ಚಾರ್ಜ್, ಬಸವೇಶ್ವರನಗರ, ಬೆಂಗಳೂರು