ಸೆಂಟ್ ಹಾಕಿ ಅಂತೀರಿ, ಲೂರ್ ಯಾವ ಪ್ಲಾಸ್ಟಿಕ್ ಅಂತ ಮಾತ್ರ ಹೇಳಲ್ಲ

ಗ್ರಾಹಕ ಸೇವೆಯವರಿಗೆ,

ನಮಸ್ಕಾರ. ಗಾಳಕ್ಕೆ ಪೋಣಿಸುವ ನಿಮ್ಮ ಸಾಫ್ಟ್ ಪ್ಲಾಸ್ಟಿಕ್ ಲೂರ್‌ಗಳು (ಮೆತ್ತನೆಯ ನಕಲಿ ಮೀನುಗಳು), ಮೀನನ್ನು ಸೆಳೆಯುವ ವಾಸನೆಯ ಸೆಂಟ್ ಹಾಕಿದ ಮೇಲೆ ಊದಿಕೊಂಡವು ಅಂತ ನಾನು ಕಳಿಸಿದ ದೂರಿಗೆ ನಿಮ್ಮ ಕಡೆಯಿಂದ ಎರಡು ಸಾಲಿನ ಉತ್ತರ ಬಂದಿದೆ. ಮನೆಯಲ್ಲಿ ಮಾಡಿದ ಸೆಂಟ್ ಬಳಸಿದ್ದೀರಿ, ಹಾಗಾಗಿ ಬದಲಿ ಕೊಡಲು ಆಗುವುದಿಲ್ಲ, ಇನ್ನು ಮುಂದೆ ನಮ್ಮ ಕಂಪನಿಯ ಸೆಂಟ್ ಮಾತ್ರ ಬಳಸಿ. ಇಷ್ಟೇ. ಫೋಟೋಗಳನ್ನು ಯಾರಾದರೂ ತೆರೆದು ನೋಡಿದ್ದಾರಾ ಅನ್ನುವುದೇ ಅನುಮಾನ. ಅದಕ್ಕೇ ಈ ಸಲ ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಮೊದಲು ನಿಮ್ಮದೇ ಕವರ್ ತಿರುಗಿಸಿ ನೋಡಿ. ಹಿಂದೆ ದಪ್ಪ ಅಕ್ಷರದಲ್ಲಿ 'ನಿಮಗೆ ಇಷ್ಟವಾದ ಸೆಂಟ್ ಸೇರಿಸಿ, ಇನ್ನಷ್ಟು ಮೀನು ಹಿಡಿಯಿರಿ' ಅಂತ ಬರೆದಿದ್ದೀರಿ. ನಮ್ಮದು ಮಾತ್ರ ಅಂತ ಎಲ್ಲೂ ಇಲ್ಲ. ಕವರ್ ಒಳಗಿನ ಚೀಟಿಯಲ್ಲಂತೂ ಬೆಳ್ಳುಳ್ಳಿ, ಸೋಂಪು, ಲವಂಗದ ಚಿತ್ರಗಳನ್ನೇ ಹಾಕಿದ್ದೀರಿ. (ಲವಂಗ ಯಾರ ಐಡಿಯಾ? ಲವಂಗದ ಎಣ್ಣೆಯಲ್ಲಿರುವ ಯುಜೆನಾಲನ್ನು ಮೀನಿಗೆ ಮಂಪರು ಬರಿಸಲು ಬಳಸುತ್ತಾರೆ. ಮೀನನ್ನು ಕರೆಯಬೇಕೋ ಮಲಗಿಸಬೇಕೋ ಮೊದಲು ತೀರ್ಮಾನ ಮಾಡಿಕೊಳ್ಳಿ.) ಸೇರಿಸಿ ಅಂತ ನೀವೇ ಕರೆದು, ಸೇರಿಸಿದ ಮೇಲೆ ತಪ್ಪು ನಿಮ್ಮದು ಅಂದರೆ ಹೇಗೆ?

ಈಗ ಏನು ಹಾಕಿದೆ ಅಂತ ಹೇಳುತ್ತೇನೆ. ಅದರಲ್ಲಿ ಗುಟ್ಟೇನೂ ಇಲ್ಲ. ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ ಎಣ್ಣೆ), ಅದಕ್ಕೆ ಬೆಳ್ಳುಳ್ಳಿ ಪುಡಿ, ಜರಡಿ ಹಿಡಿದ ಒಣ ಸೀಗಡಿ ಪುಡಿ, ಕೊನೆಗೆ ನಾಲ್ಕು ಹನಿ ಸೋಂಪಿನ ಎಣ್ಣೆ. ಇದನ್ನು ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸಿ, ಬರೀ ಎಣ್ಣೆಯನ್ನು ಲೂರ್ ಇರುವ ಜಿಪ್ ಕವರಿಗೆ ಸುರಿಯುತ್ತೇನೆ. ಅಡುಗೆ ಎಣ್ಣೆ ಹಾಕಿದರೆ ಕೆಲವು ವಾರದಲ್ಲಿ ಕಮಟು ಹಿಡಿದು ಅಂಟಂಟಾಗುತ್ತದೆ, ಮಿನರಲ್ ಆಯಿಲ್ ಹಾಗೆ ಕೆಡುವುದಿಲ್ಲ. ಸೋಸುವುದು ಯಾಕೆಂದರೆ, ಸೀಗಡಿ ಪುಡಿ ಅಲ್ಲೇ ಉಳಿದು ಅದಕ್ಕೆ ಸ್ವಲ್ಪ ನೀರು ಸೋಕಿದರೂ ಸಾಕು, ಕೊಳೆತು ಗ್ಯಾಸ್ ಆಗಿ ಕವರ್ ಉಬ್ಬುತ್ತದೆ, ತೆರೆದವರ ಗತಿ ಆಮೇಲೆ ಕೇಳಬೇಡಿ. ಸಾಫ್ಟ್ ಲೂರ್ ಬಳಸುವ ಎಷ್ಟೋ ಜನ ಮಾಡಿಕೊಳ್ಳುವ ಮಿಶ್ರಣ ಇದು. ನಾನೂ ನಿಮ್ಮದೇ ಹಳೆಯ ಲೂರ್‌ಗಳಿಗೆ ಇದನ್ನೇ ಹಾಕುತ್ತಾ ಬಂದಿದ್ದೇನೆ. ಅವು ಎಣ್ಣೆ ಹಿಡಿದುಕೊಂಡು ಇನ್ನೂ ಮೆತ್ತಗಾದವೇ ಹೊರತು ಆಕಾರ ಕೆಟ್ಟಿದ್ದಿಲ್ಲ.

ಹೊಸ ಕವರಿನವು ಏನಾದವು ಅಂತ ಸ್ವಲ್ಪ ಹತ್ತಿರದಿಂದ ನೋಡಿ. ತೆಗೆದ ತಕ್ಷಣ ಕೈಗೆ ಸಿಕ್ಕಿದ ಲೂರನ್ನು ಎಣ್ಣೆ ಹಾಕದೆ ಬಿಟ್ಟ ಅದೇ ಕವರಿನ ಇನ್ನೊಂದರ ಪಕ್ಕ ಇಟ್ಟೆ. ಒಂದು ಬೆರಳಿನ ಅಗಲದಷ್ಟು ಉದ್ದ ಜಾಸ್ತಿಯಾಗಿತ್ತು. ಮೈ ದಪ್ಪವಾಗಿತ್ತು, ಬೆನ್ನ ಮೇಲೆ ಅಚ್ಚೊತ್ತಿದ ಹುರುಪೆಯ ಗೆರೆಗಳು ಮಾಸಿ ನುಣ್ಣಗಾಗಿದ್ದವು. ಬಾಲದ ಬುಡದಲ್ಲಿ ಸಣ್ಣ ಕತ್ತು ಇದೆಯಲ್ಲ, ಆ ಬಾಲ ಅಲ್ಲಾಡುವುದೇ ಆ ಕತ್ತು ತೆಳ್ಳಗಿರುವುದರಿಂದ. ಅದೇ ಊದಿಕೊಂಡಿತ್ತು. ನೀರಲ್ಲಿ ಎಳೆದರೆ ಬಾಲ ಬಡಿಯುವುದಿಲ್ಲ, ಸುಮ್ನೆ ಒಂದು ಕಡ್ಡಿ ಎಳೆದ ಹಾಗೆ ಬರುತ್ತದೆ. ಗಾಳಕ್ಕೆ ಪೋಣಿಸಿದರೆ ತೂತು ಅಗಲವಾಗಿ, ಎಸೆದ ಕೂಡಲೇ ಲೂರ್ ಗಾಳದ ಬಾಗಿನವರೆಗೂ ಜಾರಿ ಮುದುಡಿ ಕೂರುತ್ತದೆ. ವಾಸನೆ ಎಷ್ಟು ಚೆನ್ನಾಗಿದ್ದರೇನು, ಅಂಥದ್ದನ್ನು ಯಾವ ಮೀನು ಮುಟ್ಟುತ್ತದೆ?

ಫೋನಿನಲ್ಲಿ ಮಾತಾಡಿದ ನಿಮ್ಮ ಸಿಬ್ಬಂದಿ ಬಿಸಿಲಲ್ಲಿ ಇಟ್ಟಿರಬೇಕು ಸರ್ ಅಂದರು. ಬಿಸಿಲಿಗೆ ಇಟ್ಟರೆ ಬಾಲ ಸೊಟ್ಟಗಾಗಬಹುದು, ಬಿಸಿ ನೀರಲ್ಲಿ ಅದ್ದಿ ನೇರ ಮಾಡಿಕೊಳ್ಳಬಹುದು. ಅದು ಬಾಗುವುದು, ಇದು ಬೆಳೆಯುವುದು. ಎರಡೂ ಬೇರೆ ಅಲ್ವಾ? ಅದೂ ಅಲ್ಲದೆ ಎಣ್ಣೆ ಹಾಕಿದ್ದು, ಹಾಕದ್ದು ಎರಡೂ ಒಂದೇ ಕಪಾಟಿನ ಒಂದೇ ಖಾನೆಯಲ್ಲಿದ್ದವು. ಹಾಕದ್ದು ಈಗಲೂ ಹೊಸದರಂತೆ ಇದೆ.

ಹಾಗಾದರೆ ಹಳೆಯದಕ್ಕೆ ಒಗ್ಗಿದ್ದ ಎಣ್ಣೆ ಹೊಸದಕ್ಕೆ ಯಾಕೆ ಆಗಲಿಲ್ಲ? ನೀವು ಹೇಳದ ಕಾರಣ ನಾನೇ ನೋಡಿಕೊಳ್ಳಬೇಕಾಯಿತು. ಎಣ್ಣೆ ಸೋಕದ ಹಳೆಯದೊಂದು, ಹೊಸದೊಂದು ಬಕೆಟ್ ನೀರಿಗೆ ಹಾಕಿದೆ. ಹಳೆಯದು ಮುಳುಗಿತು, ಹೊಸದು ತೇಲಿತು. ಎರಡನ್ನೂ ಎಳೆದು ನೋಡಿದೆ. ಹಳೆಯದು ಸ್ವಲ್ಪ ಎಳೆದರೆ ಹರಿಯಿತು, ಹೊಸದು ಎಷ್ಟು ಎಳೆದರೂ ಬರುತ್ತಲೇ ಇತ್ತು. ಆಮೇಲೆ ಎರಡನ್ನೂ ತಾಗಿಸಿ ಒಂದು ತಟ್ಟೆಯಲ್ಲಿಟ್ಟೆ. ಕೆಲವು ದಿನ ಬಿಟ್ಟು ನೋಡಿದರೆ ತಾಗಿದ ಕಡೆ ಕರಗಿ ಅಂಟಿಕೊಂಡಿದ್ದವು. ಇಷ್ಟು ಸಾಕು. ಹಳೆಯದು ಪಿವಿಸಿ ಅನ್ನುವ ಪ್ಲಾಸ್ಟಿಕ್, ಹೊಸದು ಟಿಪಿಇ ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್. ತೇಲುವುದು, ಹರಿಯದೆ ಹಿಗ್ಗುವುದು ಟಿಪಿಇ ಗುಣ, ಈ ಎರಡು ಒಂದಕ್ಕೊಂದು ತಾಗಿದರೆ ಕರಗುತ್ತವೆ. ಹೆಸರು ಅದೇ, ಬಣ್ಣ ಅದೇ, ಕವರ್ ಅದೇ, ಒಳಗಿನ ಮಾಲು ಮಾತ್ರ ಬದಲಾಗಿದೆ.

ಬದಲಾಯಿಸಿದ್ದಕ್ಕೆ ನನ್ನ ತಕರಾರಿಲ್ಲ. ಟಿಪಿಇ ಗಟ್ಟಿ ಮಾಲು, ಹಲ್ಲಿರುವ ಮೀನು ಕಚ್ಚಿ ಎಳೆದರೂ ಬೇಗ ಹರಿಯುವುದಿಲ್ಲ. ತೇಲುವುದೂ ಕೆಲವು ಕಡೆ ಒಳ್ಳೆಯದೇ. ಆದರೆ ಎರಡರ ಗುಣ ಬೇರೆ ಬೇರೆ. ಪಿವಿಸಿ ಲೂರ್ ಅಂದರೆ ಪುಡಿ ರಾಳವನ್ನು ಪ್ಲಾಸ್ಟಿಸೈಸರ್ ಅನ್ನುವ ದ್ರವದಲ್ಲಿ ಬೆರೆಸಿ, ಸುಮಾರು 175 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಅಚ್ಚಿಗೆ ಹುಯ್ದದ್ದು. ಟಿಪಿಇ ಒಂದು ಬಗೆಯ ರಬ್ಬರು, ಅದನ್ನು ಮೆತ್ತಗೆ ಮಾಡಲು ಮಿನರಲ್ ಆಯಿಲ್ಲನ್ನೇ ಬೆರೆಸುವುದು ರೂಢಿ. ಅಂದರೆ ಹೊರಗಿಂದ ಇನ್ನಷ್ಟು ಸುರಿದರೆ ಅದನ್ನೂ ಕುಡಿಯುತ್ತದೆ, ಕುಡಿದು ಊದುತ್ತದೆ. ಇದು ನಿಮಗೆ ಗೊತ್ತಿಲ್ಲದ ವಿಷಯವೇ? ತಯಾರಿಸುವವರು ನೀವು. ಮಾಲು ಬದಲಾಯಿಸಿದ ದಿನವೇ ಕವರ್ ಹಿಂದಿನ ಆ ಸಾಲನ್ನೂ ಬದಲಾಯಿಸಬೇಕಿತ್ತು.

ಇನ್ನು ನಿಮ್ಮದೇ ಸೆಂಟಿನ ವಿಷಯ. ಅದನ್ನೂ ಕೊಂಡು ತಂದೆ, ಯಾಕೆಂದರೆ ಅದನ್ನೇ ಬಳಸಿ ಅಂದಿರಿ. ಬಾಟಲಿ ಮೇಲೆ ಮೀನಿನ ಚಿತ್ರ ಇದೆ, ಒಳಗೆ ಏನಿದೆ ಅಂತ ಒಂದು ಅಕ್ಷರ ಇಲ್ಲ. ಒಂದು ಹನಿ ನೀರಿಗೆ ಬಿಟ್ಟೆ. ಕಾಮನಬಿಲ್ಲಿನ ಬಣ್ಣ ಬಿಟ್ಟುಕೊಂಡು ಮೇಲೆ ಹರಡಿತು. ಅದೂ ಎಣ್ಣೆಯೇ! ಯಾವ ಎಣ್ಣೆ ಅಂತ ನೀವು ಹೇಳುವವರೆಗೆ, ನನ್ನ ಎಣ್ಣೆ ತಪ್ಪು ನಿಮ್ಮ ಎಣ್ಣೆ ಸರಿ ಅಂತ ನಾನು ಯಾಕೆ ನಂಬಬೇಕು?

ಎಣ್ಣೆಯ ಬದಲು ಗ್ಲಿಸರಿನ್ ಮತ್ತು ನೀರಿನಲ್ಲಿ ಸೀಗಡಿ ಪುಡಿ ನೆನೆಸಿ ಸೋಸಿ ಹೊಸ ಲೂರಿಗೆ ಹಾಕಿ ನೋಡಿದೆ. ಊದಲಿಲ್ಲ. ನಿಜ ಹೇಳಬೇಕೆಂದರೆ ಮೀನಿಗೆ ಇದೇ ಮೇಲು, ಯಾಕೆಂದರೆ ನೀರಲ್ಲಿ ಕರಗಿದ್ದನ್ನೇ ಅದರ ಮೂಗು ಹಿಡಿಯುವುದು. ಮೀನನ್ನು ಸೆಳೆಯುವ ಸೀಗಡಿಯ ಅಮೈನೋ ಆಸಿಡ್‌ಗಳು ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಅಲ್ಲ. ತೊಂದರೆ ಏನೆಂದರೆ ಇದು ಲೂರಿನ ಒಳಗೆ ಇಳಿಯುವುದಿಲ್ಲ, ಮೇಲೆ ಕೂತು ಬೇಗ ತೊಳೆದು ಹೋಗುತ್ತದೆ, ಮತ್ತೆ ಮತ್ತೆ ಅದ್ದುತ್ತಿರಬೇಕು. ಎಣ್ಣೆ ಬಳಸುವವರಿಗೆ ಇನ್ನೊಂದು ಕಾರಣವೂ ಇದೆ, ಕೈ ವಾಸನೆ ಮುಚ್ಚುವುದು. ಮನುಷ್ಯರ ಚರ್ಮದಲ್ಲಿರುವ ಎಲ್-ಸೆರೀನ್ ಅನ್ನುವ ಅಮೈನೋ ಆಸಿಡ್ ಸಾಲ್ಮನ್ ಮೀನುಗಳು ಹಿಮ್ಮೆಟ್ಟುವಂತೆ ಮಾಡುತ್ತದೆ ಅಂತ 1956ರಲ್ಲೇ ಸಂಶೋಧಕರು ಬರೆದಿದ್ದಾರೆ. ನಾವು ಸುಮ್ನೆ ಹುಚ್ಚಿಗೆ ಇದನ್ನೆಲ್ಲ ಕಲಸುತ್ತಾ ಕೂರುವುದಿಲ್ಲ. ಯಾವುದು ಯಾವ ಮಾಲಿಗೆ ಹೊಂದುತ್ತದೆ ಅಂತ ಗೊತ್ತಿದ್ದರೆ ಸರಿಯಾದದ್ದನ್ನೇ ಆರಿಸಿಕೊಳ್ಳುತ್ತೇವೆ.

ಜೊತೆಗೆ ಉಚಿತ ಅಂತ ಕೊಟ್ಟ ಪಾರದರ್ಶಕ ಡಬ್ಬಿ. ಹಳೆಯ ಪಿವಿಸಿ ಲೂರ್‌ಗಳನ್ನು ಅದರಲ್ಲಿ ಇಟ್ಟೆ, ತಳ ಮೆತ್ತಗಾಗಿ ಲೂರಿನ ಅಚ್ಚು ಮೂಡಿದೆ. ತಟ್ಟಿದರೆ ಗಾಜಿನಂತೆ ಸದ್ದು ಮಾಡುವ ಡಬ್ಬಿ, ಪಾಲಿಸ್ಟೈರೀನ್ ಇರಬೇಕು. ಪಿವಿಸಿಯ ಪ್ಲಾಸ್ಟಿಸೈಸರ್ ಅದನ್ನು ತಿನ್ನುತ್ತದೆ. ಪಾಲಿಪ್ರೊಪಿಲೀನ್ ಡಬ್ಬಿ ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಪುಕ್ಕಟೆ ಕೊಟ್ಟದ್ದು, ಇದಕ್ಕೆ ಹಣ ಕೇಳುವುದಿಲ್ಲ. ಆದರೆ ಲೂರ್ ಮಾರುವವರೇ ಲೂರ್ ಇಡಲಾಗದ ಡಬ್ಬಿ ಕೊಡುವುದು ಎಲ್ಲಿಯ ನ್ಯಾಯ?

ನನಗೆ ಬೇಕಾದ್ದು ಇಷ್ಟು. ಹಾಳಾದ ಲೂರ್‌ಗಳ ಹಣ ವಾಪಸ್ ಕೊಡಿ, ಇಲ್ಲವೇ ಅಷ್ಟೇ ಪಿವಿಸಿ ಲೂರ್ ಕೊಡಿ. ಹಿಂದಿನ ಉತ್ತರದ ಕೆಳಗೆ ಸೆಂಟಿನ ಮೇಲೆ ರಿಯಾಯಿತಿ ಕೂಪನ್ ಇತ್ತು, ಅದು ಬೇಡ. ಹೊಸ ಲೂರ್ ಟಿಪಿಇಯೇ ಹೌದಾ ಅಲ್ಲವಾ ಅಂತ ಬರವಣಿಗೆಯಲ್ಲಿ ತಿಳಿಸಿ. ನಿಮ್ಮ ಸೆಂಟಿನಲ್ಲಿ ಯಾವ ಎಣ್ಣೆ ಇದೆ ಅನ್ನುವುದನ್ನೂ ತಿಳಿಸಿ. ಪೂರ್ತಿ ಪಾಕ ಯಾರೂ ಕೇಳುತ್ತಿಲ್ಲ, ಮಿನರಲ್ ಆಯಿಲ್ ಇದೆಯೋ ಇಲ್ಲವೋ ಅಂದರೆ ಸಾಕು. ಮುಂದಿನ ಸಲ ಕವರ್ ಅಚ್ಚು ಹಾಕಿಸುವಾಗ ಮಾಲಿನ ಹೆಸರು, ಬೇರೆ ಮಾಲಿನ ಲೂರ್ ಜೊತೆ ಇಡಬೇಡಿ ಅನ್ನುವ ಎಚ್ಚರಿಕೆ, ಮತ್ತು ಎಣ್ಣೆ ಸೆಂಟ್ ಆಗುತ್ತದೋ ನೀರಿನದು ಮಾತ್ರವೋ ಅನ್ನುವುದನ್ನು ಸೇರಿಸಿ. ಒಂದು ಸಾಲಿನ ಕೆಲಸ. ಈಗ ಆ ಜಾಗದಲ್ಲಿ ಹಾರುವ ಮೀನಿನ ಚಿತ್ರ ಇದೆ, ಅದನ್ನು ಸ್ವಲ್ಪ ಚಿಕ್ಕದು ಮಾಡಿದರೆ ಆಯಿತು.

ಊದಿದ ಲೂರ್‌ಗಳು, ಎಣ್ಣೆ ಸೋಕದವು, ಡಬ್ಬಿ ಎಲ್ಲವನ್ನೂ ಎತ್ತಿಟ್ಟಿದ್ದೇನೆ. ನಿಮ್ಮ ಪರೀಕ್ಷೆಗೆ ಬೇಕಾದರೆ ಕಳಿಸಬೇಕಾದ ವಿಳಾಸ ತಿಳಿಸಿ. ಕೊರಿಯರ್ ಖರ್ಚು ಮಾತ್ರ ನಿಮ್ಮದು. ಕವರ್ ಬಿಚ್ಚುವ ಮೊದಲು ಕಿಟಕಿ ತೆಗೆದಿಡಿ, ಬೆಳ್ಳುಳ್ಳಿ ವಾಸನೆ ಜೋರಾಗಿದೆ.

ಇಂತಿ,
ನಿಮ್ಮ ಹಳೆಯ ಗ್ರಾಹಕ